ದೀಪ ಆರಿದಲ್ಲಿ ನಿಲ್ಲಿಸಬಾರದು

ಕಲೂರ್, ಕೊಚ್ಚಿ
9 ಮಾರ್ಚ್ 2025

ನಂದಿತಾ ಮೇಡಂ ಅವರಿಗೆ ವಾರಿಜಾಳ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ. ದಯವಿಟ್ಟು ಕ್ಷಮಿಸಬೇಕು. ಮುಳ್ಳೇರಿಯದ ಹತ್ತಿರ ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ಕಲಿತವಳು ನಾನು. ಓದುವುದನ್ನು ಆಮೇಲೂ ಬಿಡಲಿಲ್ಲ, ಬರೆಯುವುದು ಮಾತ್ರ ಅಂಗಡಿ ಚೀಟಿಗೆ ಬಂದು ನಿಂತಿತು. ಗುರುತಿಲ್ಲದವರಿಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನ್ ಮಾಡಬಹುದಿತ್ತಲ್ಲ ಅಂತ ನಿಮಗೆ ಅನಿಸಬಹುದು. ಹೊಸಬರ ಧ್ವನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ‘ಏಳು ದೀಪಗಳ ಕಡಲು’ ಕಾದಂಬರಿಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಕೊನೆಯಲ್ಲಿ ತಿರುವನಂತಪುರದ ನಿಮ್ಮ ವಿಳಾಸ ಇತ್ತು. ಅದಕ್ಕೇ ಧೈರ್ಯ ಮಾಡಿದ್ದೇನೆ.

ನಾನು ಇಲ್ಲಿ ಶರ್ಮಿಳಕ್ಕನ ಮನೆಯಲ್ಲಿದ್ದು ಅವರ ತಾಯಿ ಚಂದ್ರಾವತಿ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಇವರು ಬದಿಯಡ್ಕದ ಕಡೆಯವರು. ಶರ್ಮಿಳಕ್ಕ ಹೈಕೋರ್ಟಿನಲ್ಲಿ ವಕೀಲರು. ಅವರ ಮಗಳು ಮಹತಿ ಕನ್ನಡ ಓದಲು ಕಲಿಯಲಿ ಅಂತ ಮಂಗಳೂರಿನಿಂದ ಈ ಕಾದಂಬರಿಯ ನಾಲ್ಕು ಭಾಗ ತಂದಿದ್ದರು. ಮಹತಿಗೆ ಅದರದ್ದೇ ಇಂಗ್ಲಿಷ್ ಪುಸ್ತಕಗಳು ಹುಟ್ಟುಹಬ್ಬಕ್ಕೆ ಸಿಕ್ಕಿದ್ದವು. ಹಾಗಾಗಿ ಕನ್ನಡದವು ಅಜ್ಜಿಯ ಮಂಚದ ಪಕ್ಕ ಬಂದು ಕೂತವು. ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ನಾನು ಜೋರಾಗಿ ಓದುತ್ತೇನೆ, ಅವರು ಕೇಳುತ್ತಾರೆ.

ಅಜ್ಜಿಯ ತಂದೆ ಪುರಾಣ ಓದುತ್ತಿದ್ದವರಂತೆ. ಅವರ ಕ್ರಮವೇ ಇಲ್ಲೂ. ಕೈಕಾಲು ತೊಳೆದು ಕೂರಬೇಕು. ಯಾರಾದರೂ ಸಾಯುವಲ್ಲಿ, ಯಾರಾದರೂ ಮನೆ ಬಿಟ್ಟು ಹೋಗುವಲ್ಲಿ ನಿಲ್ಲಿಸಬಾರದು. ಮುಂದೆ ಒಂದು ಒಳ್ಳೆಯ ಮಾತು ಬರುವವರೆಗೆ ಓದಿಯೇ ಪುಸ್ತಕ ಮುಚ್ಚಬೇಕು. ನಾನು ದಿನಾ ಮೊದಲೇ ಪುಟ ತಿರುಗಿಸಿ ನಿಲ್ಲಿಸುವ ಜಾಗ ನೋಡಿಟ್ಟುಕೊಳ್ಳುತ್ತಿದ್ದೆ. ನಾಲ್ಕನೆಯ ಭಾಗದ ಕೊನೆಗೆ ಹಾಗೆ ನೋಡಲಿಲ್ಲ. ಕೊನೆ ಅಂದ ಮೇಲೆ ಒಳ್ಳೆಯದೇ ಇರುತ್ತದಲ್ಲ ಅಂದುಕೊಂಡೆ.

ಕಾವಲಜ್ಜಿ ದೀಪಸ್ತಂಭ ಬಿಟ್ಟು, ಸಾಕುಮಗಳು ಮಿಣುಕಿಗೂ ಹೇಳದೆ, ಮಬ್ಬಿನೊಳಗೆ ದೋಣಿ ಇಳಿಸಿ ಹೋಗುವುದನ್ನು ಓದಿದೆ. ಕೊನೆಯ ಸಾಲು: “ದೀಪ ಆರಿತು.”

“ಮುಂದೆ?” ಅಂದರು ಅಜ್ಜಿ.

ಪುಟ ತಿರುಗಿಸಿದೆ. “ಸಿಹಿಮೂತ್ರಕ್ಕೆ ಮನೆಮದ್ದು, ಆರನೆಯ ಮುದ್ರಣ.”

“ಎಂತದು? ಕಾವಲಜ್ಜಿಗೆ ಸಿಹಿಮೂತ್ರವಾ?”

“ಅಲ್ಲ ಅಜ್ಜಿ, ಜಾಹೀರಾತು. ಕಥೆ ಮುಗೀತು.”

ಆ ದಿನ ಅವರು ಊಟ ಮಾಡಲಿಲ್ಲ. ಇಷ್ಟೇ ಆಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಅಜ್ಜಿಯ ಹೃದಯದ ವಾಲ್ವು ಬದಲಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮಳೆಗಾಲ ಜೋರಾಗುವುದರೊಳಗೆ ಆಗಬೇಕು, ಇನ್ನೂ ತಡಮಾಡಿದರೆ ಆಪರೇಷನ್ ಮಾಡುವ ಹಾಗೂ ಇರುವುದಿಲ್ಲವಂತೆ. ಅಜ್ಜಿ ಒಪ್ಪುತ್ತಿಲ್ಲ. ಮಗಳ ಹತ್ತಿರ ವಿಷು ಕಳೆಯಲಿ, ಮಹತಿಯ ಪರೀಕ್ಷೆ ಮುಗಿಯಲಿ ಅಂತಾರೆ. ನನ್ನ ಹತ್ತಿರ ಮಾತ್ರ ನಿಜ ಹೇಳಿದರು. “ದೀಪ ಆರಿದಲ್ಲಿ ಪುಸ್ತಕ ಮುಚ್ಚಿ ನಾನು ಆ ಟೇಬಲ್ ಮೇಲೆ ಮಲಗ್ಲಿಕ್ಕಿಲ್ಲ. ಶರ್ಮಿಳನಿಗೆ ಹೇಳ್ಬೇಡ. ನಗಾಡ್ತಾಳೆ.”

ಐದನೆಯ ಭಾಗ ಕನ್ನಡದಲ್ಲಿ ಬಂದಿದೆಯಾ ಮೇಡಂ? ಎಲ್ಲಿ ಸಿಗುತ್ತದೆ?

ಇತಿ,
ವಾರಿಜಾ

---

ತಿರುವನಂತಪುರ
17 ಮಾರ್ಚ್ 2025

ವಾರಿಜಾ ಅವರಿಗೆ ನಮಸ್ಕಾರ.

ನಿಮ್ಮ ಅಕ್ಷರ ನನಗೆ ಚೆನ್ನಾಗಿಯೇ ಓದಲು ಬಂತು. ಕಾಗದವನ್ನು ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ತೆರೆದೆ, ಸಿಹಿಮೂತ್ರದ ಹತ್ತಿರ ಬಂದಾಗ ಜೋರಾಗಿ ನಕ್ಕೆ. ಪಕ್ಕದವರು “ಎಂತಾ ಮೇಡಂ?” ಅಂದರು. ಮಲಯಾಳಂನಲ್ಲಿ ಹೇಳಲು ಹೋಗಿ ಸೋತೆ.

ಐದನೆಯದು ಕನ್ನಡದಲ್ಲಿ ಇಲ್ಲ. ನಾಲ್ಕು ಭಾಗ ಮಾರಾಟವಾಗದೆ ಪ್ರಕಾಶಕರು ಕೈಬಿಟ್ಟರು. ಇಂಗ್ಲಿಷಿನಲ್ಲಿ ಇದೆ, ಮಲಯಾಳಂನಲ್ಲೂ ಬಂದಿದೆ. ಒಂದು ಸ್ವಾರಸ್ಯ ಕೇಳಿ. ನಮ್ಮ ಕಾವಲಜ್ಜಿ ಮಲಯಾಳಂನಲ್ಲಿ ‘ವಿಳಕ್ಕಮ್ಮೂಮ್ಮ’, ಅಂದರೆ ದೀಪದಜ್ಜಿ. ಮೂಲ ಇಂಗ್ಲಿಷಿನಲ್ಲಿ ಅವಳು ಅಜ್ಜಿಯೇ ಅಲ್ಲ. ಬರೀ ‘ಕೀಪರ್’. ವಯಸ್ಸೂ ಹೇಳಿಲ್ಲ. ಅವಳಿಗೆ ನರೆಗೂದಲು, ಮಂಡಿನೋವು ಎಲ್ಲ ಕೊಟ್ಟದ್ದು ಕನ್ನಡದ ಅನುವಾದಕರು. ನನ್ನ ಲೇಖನದಲ್ಲಿ ಇದನ್ನು ತಪ್ಪು ಅಂತ ಬರೆದಿದ್ದೆ. ನಿಮ್ಮ ಅಜ್ಜಿಯ ಸಂಗತಿ ಓದಿದ ಮೇಲೆ ಹಾಗೆ ಬರೆಯಬಾರದಿತ್ತು ಅನ್ನಿಸುತ್ತಿದೆ.

ಐದನೆಯ ಭಾಗವನ್ನು ನಾನೇ ಕನ್ನಡಕ್ಕೆ ಮಾಡಿ ಅಧ್ಯಾಯ ಅಧ್ಯಾಯವಾಗಿ ಕಳಿಸುತ್ತೇನೆ. ಸಂಜೆ ನನಗೆ ಬೇರೆ ಕೆಲಸವಿಲ್ಲ. ಮೈಸೂರಿನಿಂದ ವರ್ಗವಾಗಿ ಬಂದ ಮೇಲೆ ಕನ್ನಡ ಅಂದರೆ ಭಾನುವಾರದ ಫೋನು, ಅಷ್ಟೇ ಆಗಿದೆ. ಮೊದಲ ಅಧ್ಯಾಯ ಇದರ ಜೊತೆಗಿದೆ.

ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ,
ನಂದಿತಾ

---

ಕಲೂರ್
6 ಏಪ್ರಿಲ್ 2025

ನಂದಿತಕ್ಕನಿಗೆ ನಮಸ್ಕಾರಗಳು.

ಹೀಗೆ ಕರೆಯಬಹುದಾ? ನನ್ನನ್ನು ದಯವಿಟ್ಟು ನೀವು ಅನ್ನಬೇಡಿ. ಈ ಮನೆಗೆ ನನ್ನ ಹೆಸರಿಗೆ ಅಂಚೆ ಬರುತ್ತದೆ ಅಂತ ಪೋಸ್ಟ್‌ಮ್ಯಾನಿಗೇ ಆಶ್ಚರ್ಯ. ನಿಮ್ಮ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ಕಳಿಸಿದ್ದೆಲ್ಲ ಓದಿದೆವು. ಅಜ್ಜಿಗೆ ಊಟ ಸೇರುತ್ತಿದೆ. ಓದು ಮುಗಿದ ಮೇಲೆ ನಮ್ಮದು ಚರ್ಚೆ.

“ಮಬ್ಬಿನವರು ಯಾರು ಗೊತ್ತುಂಟಾ ನಿನಗೆ?”

“ಶತ್ರುಗಳು ಅಲ್ವಾ ಅಜ್ಜಿ?”

“ಶತ್ರುಗಳಂತೆ! ಅವರೂ ಹಿಂದೆ ದೀಪ ಕಾದವರೇ. ಯಾರೂ ನೆನಪು ಮಾಡದೆ ಬಿಟ್ರು, ಮಬ್ಬಾದರು. ವರ್ಷಕ್ಕೊಂದು ಎಡೆ ಇಟ್ಟಿದ್ದರೆ ಸುಮ್ಮನಿರ್ತಿದ್ರು.”

ಮಹತಿ ಬಾಗಿಲಿನಿಂದ, “ಅಜ್ಜೀ, ಸ್ಪಾಯ್ಲರ್ ಪರಯಲ್ಲೇ!” ಅಂತ ಕೂಗಿದಳು. ಮುಂದಿನ ಕಥೆ ಹೇಳಿಬಿಡಬೇಡಿ ಅಂತ ಅರ್ಥ. ಅವಳು ಇಂಗ್ಲಿಷಿನ ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟವಳು. “ನೀನು ಓದದ ಪುಸ್ತಕಕ್ಕೆ ನನ್ನ ಬಾಯಿ ಕಟ್ಟುದಾ?” ಅಂದರು ಅಜ್ಜಿ. ಅಜ್ಜಿ ಕನ್ನಡದಲ್ಲಿ, ಮೊಮ್ಮಗಳು ಮಲಯಾಳಂನಲ್ಲಿ, ಹೀಗೆ ಒಂದು ಗಳಿಗೆ ಜಗಳ ಆಯಿತು.

ಆದರೆ ನಂದಿತಕ್ಕ, ಒಂದು ಹೇಳಲಾ? ಪ್ರತಿ ಅಧ್ಯಾಯವೂ ಹಿಂದಿನದಕ್ಕಿಂತ ಕತ್ತಲೆಗೇ ಹೋಗುತ್ತಿದೆ. ಎರಡನೆಯ ದೀಪವೂ ಆರಿತು. ಮಿಣುಕಿಗೆ ಜ್ವರ. ಅಜ್ಜಿ, “ಓದು, ಓದು, ಮುಂದೆ ಇರ್ತದೆ” ಅನ್ನುತ್ತಾರೆ. ಒಳ್ಳೆಯ ಜಾಗ ಹುಡುಕುತ್ತಾ ನಾವು ಇನ್ನೂ ಒಳಗೆ ಹೋಗುತ್ತಿದ್ದೇವೆ. ನೀವು ಪೂರ್ತಿ ಓದಿದವರು. ದೀಪ ಮತ್ತೆ ಹತ್ತುತ್ತದಾ? ಅಜ್ಜಿಗೆ ಹೇಳುವುದಿಲ್ಲ. ನನಗೆ ಮಾತ್ರ ಹೇಳಿ. ಸ್ನಾನದ ಮನೆಗೆ ಹೋಗಿ ಬರುವಷ್ಟರಲ್ಲಿ ಅವರಿಗೆ ಈಗ ಒಮ್ಮೆ ಕೂರಬೇಕಾಗುತ್ತದೆ.

ಇತಿ ನಿಮ್ಮ,
ವಾರಿಜಾ

---

ತಿರುವನಂತಪುರ
18 ಏಪ್ರಿಲ್ 2025

ಪ್ರೀತಿಯ ವಾರಿಜಾ,

ಹತ್ತುವುದಿಲ್ಲ. ಐದನೆಯ ಭಾಗ ಮುಗಿದರೂ ಹತ್ತುವುದಿಲ್ಲ. ಕಾವಲಜ್ಜಿ ಬರುವುದಿಲ್ಲ, ಅವಳ ಸುದ್ದಿಯೂ ಇಲ್ಲ. ಆರನೆಯದು ಇನ್ನೂ ಬಂದೇ ಇಲ್ಲ. ಲೇಖಕಿ ಬರೆಯುತ್ತಿದ್ದಾರಂತೆ. ಯಾವ ಭಾಷೆಯಲ್ಲಿ ಓದುವವರೂ ನಿಮ್ಮ ಹಾಗೆಯೇ ಆ ಕತ್ತಲೆಯಲ್ಲಿ ನಿಂತಿದ್ದಾರೆ. ಕಾವಲಜ್ಜಿ ಸತ್ತಳೋ ಇಲ್ಲವೋ ಅಂತ ಇಂಟರ್ನೆಟ್ಟಿನಲ್ಲಿ ದಿನಾ ಜಗಳ. ಮಬ್ಬಿನವರ ಬಗ್ಗೆ ನಿಮ್ಮ ಅಜ್ಜಿ ಹೇಳಿದ್ದನ್ನೇ ಕೆಲವರು ಪುಟಗಟ್ಟಲೆ ವಾದಿಸುತ್ತಾರೆ. ಎಡೆ ಇಡುವ ಉಪಾಯ ಮಾತ್ರ ಯಾರಿಗೂ ಹೊಳೆದಿಲ್ಲ.

ಇದನ್ನು ಮೊದಲೇ ಹೇಳಬೇಕಿತ್ತು. ಓದುವಾಗ ಅಜ್ಜಿ ಊಟ ಮಾಡುತ್ತಾರೆ ಅಂತ ಬರೆದೆಯಲ್ಲ, ಅದು ನಿಲ್ಲುವುದು ಬೇಡ ಅನ್ನಿಸಿತು.

ಇದರ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಕಾವಲಜ್ಜಿ ಮರಳಿ ಬಂದು ದೀಪ ಹಚ್ಚುತ್ತಾಳೆ. ಪುಸ್ತಕದ್ದಲ್ಲ, ನಾನೇ ಬರೆದದ್ದು. ಓದುವುದೋ ಬಿಡುವುದೋ ನೀನೇ ನೋಡು. ಎಲ್ಲಕ್ಕಿಂತ ಮೊದಲು ಆಪರೇಷನ್ ಆಗಬೇಕು.

ನಿನ್ನ,
ನಂದಿತಕ್ಕ

---

ಕಲೂರ್
29 ಏಪ್ರಿಲ್ 2025

ಪ್ರೀತಿಯ ನಂದಿತಕ್ಕ,

ಓದಿದೆ. ನಿಮ್ಮ ಹಾಳೆಗಳನ್ನು ಹಿಂದಿನ ಅಧ್ಯಾಯದ ಜೊತೆ ಸೇರಿಸಿ, ಏನೂ ಹೇಳದೆ ಓದಿದೆ. ಕಾವಲಜ್ಜಿ ಮಿಣುಕಿಯ ತಲೆ ಸವರಿ, “ಮಗಳೇ, ನಿನ್ನ ಪ್ರೀತಿಯೇ ನನ್ನನ್ನು ದಡ ಸೇರಿಸಿತು” ಅನ್ನುವಲ್ಲಿಗೆ ಬಂದಾಗ ಅಜ್ಜಿ ಕೈ ಎತ್ತಿದರು.

“ಯಾರು ಅಂದದ್ದು?”

“ಕಾವಲಜ್ಜಿ.”

“ಸುಳ್ಳು! ಆ ಹೆಂಗಸು ನಾಲ್ಕು ಪುಸ್ತಕದಲ್ಲಿ ಒಮ್ಮೆಯಾದರೂ ಮಗಳೇ ಅಂದದ್ದುಂಟಾ? ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಿದ್ದಕ್ಕೆ ಊರಿಗೆಲ್ಲ ಕೇಳುವ ಹಾಗೆ ಬಯ್ದವಳು. ಸಮುದ್ರದಿಂದ ಬಂದ ಕೂಡ್ಲೇ ಪ್ರೀತಿಗೀತಿ ಅಂತಾಳಾ? ಬರೆದದ್ದು ಯಾರು ಮಾರಾಯ್ತಿ?”

ನಾನು ಹೇಳಿಬಿಟ್ಟೆ. ಅಜ್ಜಿ ಬಯ್ಯಲಿಲ್ಲ. “ಒಳ್ಳೆ ಮನಸ್ಸು ಅವಳದ್ದು. ಬಂದರೆ ಕಾಫಿ ಕುಡಿಸುವ. ಆದರೆ ಇದು ಪುಸ್ತಕ ಅಲ್ಲ, ಮದ್ದು” ಅಂದರು.

ನಿಮ್ಮ ಹಾಳೆಗಳನ್ನು ನಾನು ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ನನಗೆ ಅವು ಇಷ್ಟ.

ಒಳ್ಳೆಯ ಜಾಗ ಲೋಕದಲ್ಲೇ ಇನ್ನೂ ಬರೆದಾಗಿಲ್ಲ ಅಂತ ಆಮೇಲೆ ತಿಳಿಸಬೇಕಾಯಿತು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಆಸ್ಪತ್ರೆಯಿಂದ ತಾರೀಕು ಕೇಳಿ ಫೋನ್ ಬಂತು. “ನನಗೆ ವಯಸ್ಸಾಯ್ತು, ಕೊಯ್ಯುವುದೆಲ್ಲ ಬೇಡ” ಅಂದುಬಿಟ್ಟರು. ಶರ್ಮಿಳಕ್ಕ ಅಡುಗೆಮನೆಗೆ ಬಂದು, ನಲ್ಲಿ ಬಿಟ್ಟುಕೊಂಡು ಅತ್ತರು. “ನನ್ನ ಮೇಲೆ ಅಮ್ಮನಿಗೆ ಎಂತ ಸಿಟ್ಟು ವಾರಿಜಾ?” ಅಂತ ಕೇಳಿದರು. ನಾನು ಅಜ್ಜಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನೆ ನಿಂತೆ. ಇನ್ನು ಎಷ್ಟು ಸುಮ್ಮನಿರಬಹುದೋ ತಿಳಿಯುತ್ತಿಲ್ಲ.

ಒಂದು ಸಣ್ಣ ವಿಷಯ. ನಿನ್ನೆ ಮಹತಿ ತನ್ನ ಇಂಗ್ಲಿಷ್ ನಾಲ್ಕನೆಯ ಭಾಗ ತಂದು, ಅಜ್ಜಿಯ ಪುಸ್ತಕ ಯಾವ ಸಾಲಿನಲ್ಲಿ ಮುಗಿಯುತ್ತದೆ ಅಂತ ಕೇಳಿದಳು. ಹೇಳಿದೆ. ಅವಳು ಆ ಜಾಗ ಹುಡುಕಿ, ಅದರ ಆಚೆಗೂ ಒಂದಷ್ಟು ಪುಟ ಇದೆ ಅಂದಳು. ಏನಿದೆ ಅಂದರೆ, “ಕೊರೇ ಬೋರ್ ಸಾಧನಂ, ಚೇಚಿ. ಆರುಂ ವಾಯಿಕ್ಕಿಲ್ಲ.” ತುಂಬ ಬೋರಿನದು ಅಕ್ಕಾ, ಯಾರೂ ಓದುವುದಿಲ್ಲ ಅಂತ. ಪರೀಕ್ಷೆಯ ನೋಟ್ಸಿನ ಹಾಗೆ ಒಂದು, ಎರಡು ಅಂತ ಅಂಕಿ ಹಾಕಿದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಅದು ಏನು ಅಂತ ನಿಮಗೆ ಗೊತ್ತಾ?

ವಾರಿಜಾ

---

ತಿರುವನಂತಪುರ
12 ಮೇ 2025

ಪ್ರೀತಿಯ ವಾರಿಜಾ,

ಮೊದಲು ಮಹತಿಗೆ ಒಂದು ದೊಡ್ಡ ಚಾಕಲೇಟು ಕೊಡಿಸು.

ಆ ಪುಟಗಳು ನನ್ನ ಪುಸ್ತಕದಲ್ಲೂ ಇದ್ದವು. ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ “ದೀಪ ಆರಿತು” ಅಂದ ಕೂಡಲೇ ಮುಚ್ಚಿಬಿಟ್ಟಿದ್ದೇನೆ. ಅದು ಅನುಬಂಧ. ಕನ್ನಡದಲ್ಲಿ ಅದನ್ನು ಬಿಟ್ಟಿದ್ದಾರೆ, ಮಲಯಾಳಂನಲ್ಲೂ ಬಿಟ್ಟಿದ್ದಾರೆ. ದಿನಸಿ ಪಟ್ಟಿ ಇದ್ದಂತಿದೆ, ಯಾರಿಗೆ ಬೇಕು ಅಂತ ಇರಬೇಕು. ಅದರ ತಲೆಬರಹ, “ನನ್ನ ನಂತರ ದೀಪ ಹಚ್ಚುವವಳಿಗೆ”. ಕಾವಲಜ್ಜಿ ಬರೆದಿಟ್ಟು ಹೋದದ್ದು. ಮೂಲದಲ್ಲಿ ನಾಲ್ಕನೆಯ ಭಾಗ ಮುಗಿಯುವುದು ಇಲ್ಲೇ, ಅವಳ ಮಾತಿನಲ್ಲೇ.

ಅನುವಾದಕ್ಕೆ ಕೂತರೆ ನನಗೆ ಏನೂ ಅರ್ಥವಾಗಲಿಲ್ಲ. ದೊಡ್ಡ ದೀಪದ ಸುತ್ತ ಗಾಜು ಹೇಗೆ ನಿಲ್ಲಿಸುತ್ತಾರೆ, ಒಳಗಿನಿಂದ ಒರೆಸುವುದು ಹೇಗೆ, ಕಂಡವಳಲ್ಲ. ಭಾನುವಾರ ಬಸ್ಸು ಹಿಡಿದು ವಿಳಿಂಜಂ ದೀಪಸ್ತಂಭಕ್ಕೆ ಹೋದೆ. ಮೇಲೆ ಹತ್ತಿ ಉಸಿರು ಬಿಡುತ್ತಾ ನಿಂತಿದ್ದಾಗ ಅಲ್ಲಿಯ ನೌಕರರೊಬ್ಬರು, “ಹಡಗು ನೋಡಲು ಬಂದಿರಾ?” ಅಂದರು. ಎಲ್ಲರೂ ಹೊಸ ಬಂದರಿನ ದೊಡ್ಡ ಹಡಗು ನೋಡಲು ಹತ್ತುವವರೇ. “ಅಲ್ಲ, ಗಾಜು ಒರೆಸುವುದು ಹೇಗೆ ಅಂತ ಕೇಳಲು” ಅಂದೆ. ಅವರು ನನ್ನನ್ನು ಒಂದು ಥರ ನೋಡಿದರು, ಆಮೇಲೆ ಎಲ್ಲ ತೋರಿಸಿದರು. ಈಗ ಅದು ಕರೆಂಟಿನ ದೀಪ, ಗಾಜು ಮಾತ್ರ ಇವತ್ತಿಗೂ ಬಟ್ಟೆಯಲ್ಲೇ ಒರೆಸಬೇಕಂತೆ.

ಮನೆಗೆ ಬಂದು ಬರೆದೆ. ಒಂದೊಂದು ವಾಕ್ಯವನ್ನೂ ಜೋರಾಗಿ ಓದಿ ನೋಡಿದೆ. ಕಲೂರಿನಲ್ಲಿ ಕೇಳುವವರಿದ್ದಾರೆ ಅಂತ ಗೊತ್ತಿರುವಾಗ ಬರೆಯುವುದೇ ಬೇರೆ. ಇದಕ್ಕೆ ನಿನಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಇದರಲ್ಲಿ ನನ್ನದು ಒಂದು ಮಾತೂ ಇಲ್ಲ. ನಂಬಿ ಓದು.

ನಂದಿತಕ್ಕ

---

ಕಲೂರ್
20 ಮೇ 2025

ಪ್ರೀತಿಯ ನಂದಿತಕ್ಕ,

ಓದುವ ಮೊದಲೇ ಎಲ್ಲ ಹೇಳಿದೆ. ಇದು ಯಾರ ಮದ್ದೂ ಅಲ್ಲ, ಪುಸ್ತಕದ್ದೇ, ನಮ್ಮದರಲ್ಲಿ ಬಿಟ್ಟುಹೋಗಿತ್ತು ಅಂತ. “ನೋಡುವ” ಅಂದು ಅಜ್ಜಿ ದಿಂಬಿಗೆ ಒರಗಿ ಕೂತರು. ಮಹತಿ ಇಂಗ್ಲಿಷ್ ಪುಸ್ತಕ ಹಿಡಿದು ಮಂಚದ ಇನ್ನೊಂದು ತುದಿಯಲ್ಲಿ ಕೂತಳು, ನಾನು ಮೋಸ ಮಾಡದ ಹಾಗೆ.

“ಒಂದು. ಕೈ ತೊಳೆ. ಮೀನು ಹಿಡಿದ ಕೈಯಲ್ಲಿ ಗಾಜು ಮುಟ್ಟಿದರೆ ನಾನು ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ.”

ಅಜ್ಜಿಯ ತುಟಿ ಅಲ್ಲಾಡಿತು.

“ನಾಲ್ಕು. ಎಣ್ಣೆ ಚೆಲ್ಲಬೇಡ. ಚೆಲ್ಲಿದರೆ ಅಳುತ್ತಾ ಕೂರಬೇಡ, ಒರೆಸು.”

“ಇದು ಅವಳೇ” ಅಂದರು ಅಜ್ಜಿ. “ಇದು ಅವಳದ್ದೇ ಬಾಯಿ. ಓದು.”

ಬತ್ತಿ ಕತ್ತರಿಸುವುದು, ಗಾಳಿ ನೋಡುವುದು, ಬೆಂಕಿ ತಾಗಿಸುವುದು ಎಲ್ಲ ಓದಿದೆ. ಕೊನೆಯದು ನಿಮಗೆ ಬಾಯಿಪಾಠ ಇರಬಹುದು. ಆದರೂ ಬರೆಯುತ್ತೇನೆ, ನನ್ನ ಕೈಯಲ್ಲಿ ಒಮ್ಮೆ ಬರೆಯಬೇಕು ಅನ್ನಿಸುತ್ತಿದೆ. “ಹತ್ತಿತಾ? ಹಾಗಾದರೆ ಕೆಳಗೆ ಇಳಿ, ಊಟ ಮಾಡು, ಮಲಗು. ನೀನು ನೋಡುತ್ತಾ ಕೂತರೆ ದೀಪ ಹೆಚ್ಚು ಉರಿಯುವುದಿಲ್ಲ.”

ಆಮೇಲೆ ಅಜ್ಜಿ, “ಹತ್ತಿಸುವುದು ಹೇಗೆ ಅಂತ ಹೇಳಿಯೇ ಹೋದಳಲ್ಲ! ಮತ್ತೆ ಆರಿದ್ದು ಎಂತ ಲೆಕ್ಕ? ಮುಚ್ಚು ಪುಸ್ತಕ” ಅಂದರು. ಮಹತಿ ತನ್ನದನ್ನೂ ಮುಚ್ಚಿದಳು.

ಸಂಜೆ ಶರ್ಮಿಳಕ್ಕ ಕೋರ್ಟಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಜ್ಜಿ ಕರೆದರು. “ಆ ಡಾಕ್ಟರಿಗೆ ಫೋನ್ ಮಾಡು. ಜಾಗ ಸಿಕ್ಕಿತು.”

“ಬೆಡ್ಡಾ? ಯಾರು ಹೇಳಿದ್ದು?”

“ಬೆಡ್ ಅಲ್ಲ ಮಾರಾಯ್ತಿ, ನಿಲ್ಲಿಸುವ ಜಾಗ. ನಿನಗೆ ಅರ್ಥ ಆಗ್ಲಿಕ್ಕಿಲ್ಲ. ಫೋನ್ ಮಾಡು.”

ಆಮೇಲೆ ಅಜ್ಜಿಯೇ ಎಲ್ಲ ಹೇಳಿದರು. ಶರ್ಮಿಳಕ್ಕ ನಗಲಿಲ್ಲ. ಕೋಣೆಯಿಂದ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಜೂನ್ ಮೊದಲ ವಾರದಲ್ಲಿ ಆಪರೇಷನ್. ನನಗೆ ಹೆದರಿಕೆ ಆಗುತ್ತಿದೆ. ಅಜ್ಜಿಗೆ ಇಲ್ಲ.

ನಿಮ್ಮ,
ವಾರಿಜಾ

---

ಎರ್ನಾಕುಳಂ, ಆಸ್ಪತ್ರೆಯಿಂದ
14 ಜೂನ್ 2025

ಪ್ರೀತಿಯ ನಂದಿತಕ್ಕ,

ನೀವು ಆಪರೇಷನ್ನಿನ ದಿನ ಮೊದಲ ರೈಲಿಗೇ ಬಂದಿರಿ. ಇಡೀ ದಿನ ನನ್ನ ಪಕ್ಕ ಆ ಕಾಯುವ ಕೋಣೆಯಲ್ಲಿ ಕೂತಿರಿ. ಇಷ್ಟೆಲ್ಲ ಬರೆದ ನಾನು ಎದುರಿಗೆ ಸಿಕ್ಕಾಗ, “ಚಾಯ ಬೇಕಾ?” ಅಂತ ಬಿಟ್ಟು ಬೇರೆ ಮಾತಾಡಲಿಲ್ಲ. ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದಾಗ ನಾನು ನಿಮ್ಮ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು. ನೋವಾಗಿದ್ದರೆ ಕ್ಷಮಿಸಿ. ಅವರು ಎಲ್ಲ ಸರಿಯಾಗಿದೆ ಅಂದಾಗ ನೀವು ಕನ್ನಡಕ ತೆಗೆದು ಒರೆಸಿದಿರಿ. ಅದನ್ನು ನಾನು ನೋಡಿದೆ.

ನೀವು ಹೋದ ಮೇಲೆ ಎರಡು ದಿನ ಕಷ್ಟವಾಯಿತು. ಉಸಿರಿಗೆ ಯಂತ್ರ ಇಟ್ಟಿದ್ದರು. ಈಗ ವಾರ್ಡಿಗೆ ತಂದಿದ್ದಾರೆ. ಧ್ವನಿ ಸಣ್ಣದಾಗಿದೆ, ಆದರೆ ಜೋರು ಕಡಿಮೆಯಾಗಿಲ್ಲ. ಜಾಯ್ಸ್ ಅಂತ ಒಬ್ಬ ನರ್ಸ್ ಗಂಜಿ ತಂದರೆ, ಇದಕ್ಕೆ ಉಪ್ಪು ಹಾಕಲು ನಿಮ್ಮ ಊರಿನಲ್ಲಿ ಯಾರೂ ಇಲ್ಲವಾ ಅಂತ ಕನ್ನಡದಲ್ಲೇ ಕೇಳಿದರು. ಜಾಯ್ಸ್ ಚೇಚಿ ನನ್ನ ಮುಖ ನೋಡಿದರು. “ನಲ್ಲದಾಣೆನ್ನು ಪರಞ್ಞು,” ಚೆನ್ನಾಗಿದೆ ಅಂತ ಹೇಳಿದರು ಅಂದೆ. ದೇವರು ಕ್ಷಮಿಸಲಿ.

ನಿನ್ನೆ ಪಕ್ಕದ ಮಂಚದವರು, ನನ್ನ ಕೈಯಲ್ಲಿ ಯಾವಾಗಲೂ ಇರುವ ಆ ಪುಸ್ತಕ ಏನು ಅಂತ ಕೇಳಿದರು. ಮೊದಲ ಅಧ್ಯಾಯ ಮಲಯಾಳಂನಲ್ಲಿ ಹೇಳಿದೆ. ಮಿಣುಕಿಯ ಹೆಸರು ಮಲಯಾಳಂ ಪುಸ್ತಕದಲ್ಲಿ ಏನಿದೆಯೋ ಗೊತ್ತಿಲ್ಲ, ನಾನೇ ಒಂದು ಇಟ್ಟೆ. ನೋಡನೋಡುತ್ತಾ ಆಚೆ ಮಂಚದವರೂ ಕುರ್ಚಿ ಎಳೆದುಕೊಂಡು ಬಂದರು. ಹೊಸಬರ ಎದುರು ಇಷ್ಟು ಹೊತ್ತು ಮಾತಾಡಿದ್ದು ನಾನೇನಾ ಅನ್ನಿಸಿತು.

ನಿಮಗೆ ನನ್ನ ಕೃತಜ್ಞತೆ ಹೇಗೆ ಬರೆಯಬೇಕು ಅಂತ ತುಂಬ ಯೋಚಿಸಿದೆ. ಗೊತ್ತಾಗಲಿಲ್ಲ. ಅಜ್ಜಿ ಇದ್ದಾರೆ. ಅಷ್ಟನ್ನೇ ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ನಿಮ್ಮ ಐದನೆಯ ಭಾಗದ ಉಳಿದ ಅಧ್ಯಾಯ ತೆಗೆದು, ಓದಲಾ ಅಜ್ಜಿ ಅಂದೆ. ಎರಡನೆಯ ದೀಪ ಆರಿದ್ದು, ಮಿಣುಕಿಯ ಜ್ವರ, ಎಲ್ಲ ಹಾಗೆಯೇ ಉಳಿದಿದೆ, ಅಂಥಲ್ಲಿ ನಿಲ್ಲಿಸಬಾರದಲ್ಲ. “ಬೇಡ, ಇರ್ಲಿ. ನಾಳೆ ನೋಡುವ. ತಲೆ ತುರಿಸ್ತದೆ” ಅಂದರು. ಕಿಟಕಿಯ ಪಕ್ಕ ಕೂರಿಸಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಸಣ್ಣದೊಂದು ಜಡೆ ಹಾಕಿದೆ.

ನಿಮ್ಮ,
ವಾರಿಜಾ